ಸೋಮವಾರ ಕಂಪ್ಯೂಟರ್ ಹಾಕಬೇಡಿ

ಸರ್ವಮಂಗಳಮ್ಮನವರು ಮನೋಹರನನ್ನು ಮೊದಲು ಕಂಡದ್ದು ಸಾವಿರದ ಒಂಬೈನೂರ ತೊಂಬತ್ತೆಂಟರ ಶ್ರಾವಣದಲ್ಲಿ. ಸರಸ್ವತಿಪುರಂನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಕೆ ಬಹಳ ವರ್ಷಗಳಿಂದ ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಆ ವರ್ಷ ಧೈರ್ಯ ಮಾಡಿ ಕಂಪ್ಯೂಟರ್ ಕೊಂಡಿದ್ದರು. ಅದಕ್ಕೊಂದು ಕಸೂತಿಯ ಹೊದಿಕೆ. ಆ ಕೋಣೆಗೆ ಯಾರೂ ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ. ಇಷ್ಟು ಜೋಪಾನ ಮಾಡಿದರೂ ಒಂದು ಬೆಳಿಗ್ಗೆ ಹುಡುಗಿಯೊಬ್ಬಳ ವಿವರ ತೆರೆದರೆ, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು.

ಯಾರೋ ಹೇಳಿ ಕಳುಹಿಸಿದ್ದಕ್ಕೆ ಬಂದವನು ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಅದು ಮುಚ್ಚಿದ ಮೇಲೆ ಸಂಜೆಯ ತರಗತಿಗೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತಿದ್ದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಜೇಬಿನಿಂದ ವೈರಸ್ ಹುಡುಕುವ ಫ್ಲಾಪಿ ತೆಗೆದು ಯಂತ್ರಕ್ಕೆ ಹಾಕಿ ನೋಡಿದ.

"ವೈರಸ್ ಬಂದದೆ ಅಮ್ಮಾವ್ರೇ. ಹೊರಗಿನೋರ ಫ್ಲಾಪಿ ಏನಾರಾ ಹಾಕಿದ್ರಾ?"

"ಗಂಡಿನ ಕಡೆಯೋರು ಹುಡುಗನ ವಿವರ ಅದರಲ್ಲೇ ತಂದಿದ್ರು ಕಣಪ್ಪ. ನೋಡೋಕೆ ಒಳ್ಳೆ ಜನ."

"ಜನ ಒಳ್ಳೆಯವ್ರೇ. ಫ್ಲಾಪಿ ಎಲ್ಲೆಲ್ಲಿ ತಿರುಗಾಡ್ಕೊಂಡು ಬಂದಿತ್ತೋ!"

ಸರ್ವಮಂಗಳಮ್ಮ ನಕ್ಕುಬಿಟ್ಟರು. ಅಂದಿನಿಂದ ಮನೋಹರ ಆ ಮನೆಗೆ ತಿಂಗಳಿಗೊಮ್ಮೆ ಬರತೊಡಗಿದ. ಅಂಥ ಮನೆಗಳು ಊರಿನಲ್ಲಿ ಅವನಿಗೆ ಹತ್ತೊಂಬತ್ತು ಇದ್ದವು. ಸಿಟಿ ಬಸ್ಸಿನಲ್ಲಿ ಹೋಗುವುದು, ಫ್ಲಾಪಿ ಹಾಕಿ ಯಂತ್ರವನ್ನೆಲ್ಲ ಶೋಧಿಸುವುದು, ಮನೆಯವರು ಕೊಟ್ಟ ಕಾಫಿ ಕುಡಿದು ಮುಂದಿನ ಮನೆಗೆ ಹೊರಡುವುದು. ಮನೆಗೆ ಬರುವ ವೈದ್ಯರ ಮೇಲೆ ಹಿಂದೆ ಜನರಿಗೆ ಎಂಥ ನಂಬಿಕೆಯಿತ್ತೋ, ಅಂಥದೇ ನಂಬಿಕೆ ಅವನ ಮೇಲಿತ್ತು. "ಎಲ್ಲಾ ಒಳಗದಲ್ಲ ಅಮ್ಮಾವ್ರೇ, ಇನ್ನು ಈ ಕಾಗದ ಯಾಕೆ?" ಎಂದು ಅವನು ಅಂದದ್ದಕ್ಕೆ ಸರ್ವಮಂಗಳಮ್ಮ ಎರಡು ಬೀರು ತುಂಬ ಇದ್ದ ಹಳೆಯ ಪತ್ರಗಳನ್ನು ರದ್ದಿಯವನಿಗೆ ಕೊಟ್ಟುಬಿಟ್ಟರು.

ಆ ಕಾಲದ ಫ್ಲಾಪಿಯ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಅದನ್ನು ಸರಿಸಿಟ್ಟರೆ ಫ್ಲಾಪಿಯಲ್ಲಿರುವುದನ್ನು ಓದಬಹುದು, ಹೊಸದಾಗಿ ಏನೂ ಅದರೊಳಗೆ ಸೇರಲಾರದು. ಆದರೆ ಯಾವ ಮನೆಯಲ್ಲಿ ಏನು ಸಿಕ್ಕಿತೆಂದು ಆ ಫ್ಲಾಪಿಯಲ್ಲೇ ಟಿಪ್ಪಣಿ ಬರೆದಿಡುವುದು ಮನೋಹರನ ಶಿಸ್ತು. ಆದ್ದರಿಂದ ಅವನು ಆ ಗುಂಡಿಯನ್ನು ಎಂದೂ ಸರಿಸಿರಲಿಲ್ಲ.

ತೊಂಬತ್ತೊಂಬತ್ತರ ಏಪ್ರಿಲ್ ಇಪ್ಪತ್ತನಾಲ್ಕು, ಶನಿವಾರ. ವೈರಸ್ ಹಿಡಿಯುವ ಹೊಸ ಪ್ರೋಗ್ರಾಂ ಒಂದು ಸಿ.ಡಿ.ಯಲ್ಲಿ ಅವನ ಕೈಗೆ ಬಂತು. ಹಾಗೇ ಪರೀಕ್ಷೆಗೆಂದು ತನ್ನ ಫ್ಲಾಪಿಯನ್ನೇ ಹಾಕಿ ನೋಡಿದ. ಏಪ್ರಿಲ್ ಇಪ್ಪತ್ತಾರರವರೆಗೆ ಸದ್ದಿಲ್ಲದೆ ಮಲಗಿದ್ದು, ಆ ದಿನ ಕಂಪ್ಯೂಟರ್ ಹಾಕಿದೊಡನೆ ಒಳಗಿರುವುದನ್ನೆಲ್ಲ ಅಳಿಸಿಬಿಡುವ ವೈರಸ್ ಅದರಲ್ಲಿತ್ತು. ಯಾವುದೋ ಒಂದು ಮನೆಯಲ್ಲಿ ಅಂಟಿಕೊಂಡದ್ದನ್ನು ಉಳಿದ ಮನೆಗಳಿಗೆಲ್ಲ ಹಂಚಿದವನು ತಾನೇ. ಉಳಿದಿರುವುದು ಎರಡು ದಿನ.

ಪ್ರತಿ ಮನೆಯಲ್ಲೂ ಕೂತು ಶುದ್ಧಮಾಡಲು ಅಷ್ಟು ಸಮಯವಿರಲಿಲ್ಲ. ಕಂಪ್ಯೂಟರಿನ ದಿನಾಂಕವನ್ನೇ ಇಪ್ಪತ್ತೇಳಕ್ಕೆ ದಾಟಿಸಿಬಿಟ್ಟರೆ ಇಪ್ಪತ್ತಾರು ಬರುವುದೇ ಇಲ್ಲ. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು ಎಂದುಕೊಂಡು ಬಸ್ಸು ಹತ್ತಿದ. ಸುದ್ದಿ ತಿಳಿದರೆ ಇಷ್ಟು ಮನೆಗಳಲ್ಲಿ ಇನ್ನು ಯಾರು ತನ್ನನ್ನು ಒಳಗೆ ಸೇರಿಸುತ್ತಾರೆ? ಎಲ್ಲ ಕಡೆಯೂ "ಹೊಸ ವೈರಸ್ ಬಂದದೆ" ಎಂದಷ್ಟೇ ಹೇಳಿದ.

ನಿವೃತ್ತ ಉಪಾಧ್ಯಾಯರಾದ ಶಿವಲಿಂಗಯ್ಯನವರು ಮಾತ್ರ ಕೇಳಿಯೇಬಿಟ್ಟರು. "ನಮ್ಮನೆಗೆ ಎಲ್ಲಿಂದ ಬಂತೋ ಇದು?"

"ಊರೆಲ್ಲಾ ಹರಡಿಕೊಂಡದೆ ಮೇಷ್ಟ್ರೇ."

"ಅಲ್ಲಯ್ಯಾ, ಭಾನುವಾರ ಕ್ಷೌರಕ್ಕೆ ಹೋಗೋಣ ಅಂತಿದ್ದೆ. ನೀನು ಬಂದು ಮನೇಲಿ ಮಂಗಳವಾರ ಮಾಡ್ಬುಟ್ಯಲ್ಲ!"

ಮನೋಹರ ನಗಲು ಹೋದ, ನಗು ಬರಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಹದಿನೆಂಟು ಮನೆ ಮುಗಿದವು. ಸರ್ವಮಂಗಳಮ್ಮನವರ ಮನೆಗೆ ಬೀಗ. ಮದುವೆಯೊಂದಕ್ಕೆ ಗುಂಡ್ಲುಪೇಟೆಗೆ ಹೋಗಿದ್ದಾರೆ, ಬೆಳಿಗ್ಗೆ ಬರುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಜಗುಲಿಯಲ್ಲಿ ಕೂತು ಚೀಟಿ ಬರೆದ. ನಡೆದದ್ದನ್ನೆಲ್ಲ ಬರೆಯಬೇಕೆಂದು ಎರಡು ಸಲ ಹೊರಟು, ಎರಡು ಸಲವೂ ಹರಿದುಹಾಕಿದ. ಕೊನೆಗೆ "ಸೋಮವಾರ ಕಂಪ್ಯೂಟರ್ ಹಾಕಬೇಡಿ. ಬಂದು ಹೇಳುತ್ತೇನೆ" ಎಂದಷ್ಟೇ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಹೋದ.

ಮರುದಿನ ಅವನು ಬರುವಾಗ ಹತ್ತು ಗಂಟೆ. ಚಾಮರಾಜನಗರದಿಂದ ಬಂದಿದ್ದ ದಂಪತಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಸರ್ವಮಂಗಳಮ್ಮ ಕಪ್ಪು ಪರದೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಚೀಟಿ, ಅದರ ಮೇಲೆ ಪಂಚಾಂಗ.

"ನಿನ್ನ ಚೀಟಿ ನೋಡ್ದೆ ಕಣಪ್ಪ. ದಿನ ಚೆನ್ನಾಗಿಲ್ಲ ಅಂತ ಬರ್ದಿದೀಯ ಅನ್ಕೊಂಡು ಪಂಚಾಂಗ ತೆಗೆದೆ. ಏಳೂವರೆಯಿಂದ ಒಂಬತ್ತು ರಾಹುಕಾಲ. ಅದು ಕಳೆದ ಮೇಲೇ ಹಾಕ್ದೆ. ಆದರೂ ಹಿಂಗಾಯ್ತಲ್ಲ!"

ಆರುನೂರು ಮನೆಗಳ ಗಂಡು ಹೆಣ್ಣುಗಳ ವಿವರ ಹೋಗಿತ್ತು. ಪತ್ರಗಳು ಎಂದೋ ರದ್ದಿಗೆ ಹೋಗಿದ್ದವು.

"ರಾಹುಕಾಲ ಅಲ್ಲ ಅಮ್ಮಾವ್ರೇ," ಎಂದ ಮನೋಹರ. "ನಾನೇ ತಂದು ಹಾಕಿದ್ದು." ಫ್ಲಾಪಿಯ ಕಥೆಯನ್ನು ನಿಂತಲ್ಲೇ ನಿಂತು ಹೇಳಿ ಮುಗಿಸಿದ.

ಆಕೆ ಪಂಚಾಂಗದ ಕೆಳಗಿನಿಂದ ಚೀಟಿ ಎಳೆದು ಇನ್ನೊಮ್ಮೆ ಓದಿದರು. ಆಮೇಲೆ, "ಇನ್ನೊಂದು ಸಾಲು ಬರೆಯೋಕೆ ಶಾಯಿ ಸಾಲ್ದೆ ಹೋಯ್ತೇನೋ?" ಎಂದರು.

"ಮುಖ ಸಾಲ್ದೆ ಹೋಯ್ತು."

ಸರ್ವಮಂಗಳಮ್ಮ ಕಪಾಟಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ಅವನ ಮುಂದೆ ಹಾಕಿದರು. "ಕೂತ್ಕೋ. ನೆನಪಿರೋವಷ್ಟು ಹೇಳ್ತೀನಿ. ಜಯನಗರದ ರೈಲ್ವೆ ಗೇಟ್ ಹತ್ರ, ಮುಂದೆ ಸಂಪಿಗೆ ಮರ, ಹುಡುಗಿ ಎಂ.ಎಸ್ಸಿ. ಅಪ್ಪ ಬಾಯಿ ಬಿಡಲ್ಲ, ಅಮ್ಮ ಬಾಯಿ ಮುಚ್ಚಲ್ಲ. ಬರ್ಕೋ."

ಅಂದು ಬರೆದು ಎದ್ದ ಮೇಲೆ ಅವನು ಮೊದಲು ಉಳಿದ ಹದಿನೆಂಟು ಮನೆಗಳಿಗೂ ಹೋಗಿ ನಿಜ ಹೇಳಿ, ಯಂತ್ರಗಳನ್ನು ಶುದ್ಧಮಾಡಿ ಬಂದ. ನಾಲ್ಕು ಮನೆಯವರು ಇನ್ನು ಬರಬೇಡ ಎಂದರು. ಶಿವಲಿಂಗಯ್ಯನವರು, "ಶನಿವಾರವೇ ಹೇಳಿದ್ರೆ ನಾನೇನು ನಿನ್ನ ತಿಂದುಬಿಡ್ತಿದ್ನಾ?" ಎಂದರು.

ಆಮೇಲೆ ಒಂದು ವರ್ಷ ನೋಟ್‌ಬುಕ್ ಹಿಡಿದು ಊರೆಲ್ಲ ಸುತ್ತಿದ. ಕೆಲವು ಕಡೆ ಹುಡುಗಿಗೆ ಮದುವೆಯಾಗಿ ಮಗುವೂ ಆಗಿತ್ತು. ಕೆಲವು ಕಡೆ ಅವನನ್ನೇ ಗಂಡಿನ ಸೋದರಮಾವನೆಂದು ತಿಳಿದು ಉಪ್ಪಿಟ್ಟು ಕೊಟ್ಟರು. ತಿಂದೂ ಬಂದ. ವಿವರಗಳೆಲ್ಲ ಮತ್ತೆ ಕೂಡಿದ ಮೇಲೆ ಅವನು ಬಿಟ್ಟು ಹೋಗುತ್ತಾನೆಂದು ಸರ್ವಮಂಗಳಮ್ಮ ಎಣಿಸಿದ್ದರು. ಅವನು ಹೋಗಲಿಲ್ಲ, ಅಷ್ಟು ಹೊತ್ತಿಗೆ ಮನೆಮನೆಯ ಮಂದಿ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಹೂಟಗಳ್ಳಿಯ ಕಡೆಯ ತನ್ನ ನೆಂಟರಿಷ್ಟರ ಮನೆಗಳನ್ನೂ ಅವನು ಪಟ್ಟಿಗೆ ಸೇರಿಸಿದ.

ಈಗ ಸರ್ವಮಂಗಳಮ್ಮನವರಿಗೆ ಕಣ್ಣು ಮಂಜಾಗಿದೆ. ಕಂಪ್ಯೂಟರುಗಳು ತಮ್ಮ ಕಾವಲನ್ನು ತಾವೇ ನೋಡಿಕೊಳ್ಳುವುದರಿಂದ ಮನೋಹರನನ್ನು ಆ ಕೆಲಸಕ್ಕೆ ಕರೆಯುವವರು ಅಪರೂಪ. ಬೆಳಿಗ್ಗೆ ಬಂದು ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಂದ ವಿವರಗಳನ್ನು ಗಟ್ಟಿಯಾಗಿ ಓದುತ್ತಾನೆ. ಫೋನು ಬಂದರೆ ಅವನೇ ಎತ್ತುತ್ತಾನೆ.

"ಹುಡುಗ ಓದವ್ನೆ, ಕೆಲಸದಲ್ಲವ್ನೆ, ಎಲ್ಲಾ ಬರ್ಕೊಂಡೆ ಸ್ವಾಮಿ," ಎನ್ನುತ್ತಾನೆ. "ಈಗ ಹೇಳೋಕೆ ಮುಜುಗರ ಆಗೋದು ಏನಾರಾ ಇದ್ರೆ ಹೇಳಿ. ನಿಧಾನಕ್ಕೆ ಹೇಳಿ, ನಾನು ಕಾಯ್ತೀನಿ."