ಪಾವತಿ ಇಲ್ಲದ ಗೊಬ್ಬರ

ಕಾಕಾನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಆ ಸಂದಿಯಿಂದ ಅವರು ಸಿಳ್ಳೆ ಹೊಡೆದರೆ ನಮ್ಮ ಹೊಲದಲ್ಲಿ ಮಲಗಿದ ಕುರಿಗಳೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತಿದ್ದವು. ಹಲ್ಲು ಮುರಿದದ್ದು ಅವರದೇ ಒಂದು ಟಗರು. ಅದಕ್ಕೆ ಆಮದಾರ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಶಾಸಕರಿಗೆ ಹಾಗೆನ್ನುತ್ತಾರೆ. "ಪ್ರೀತಿಲೇ ಹತ್ರ ಬಂದು ಗುದ್ದಿ ಹೋತು. ಮತ್ತೇನ ಹೆಸರ ಇಡೂದು?" ಎನ್ನುತ್ತಿದ್ದರು.

ಅವರು ನಮ್ಮ ಬಳಗದವರಲ್ಲ, ಹುಲಜಂತಿ ಕಡೆಯ ಕುರಿಗಾರರು. ಜೋಳದ ರಾಶಿ ಮುಗಿದ ಮೇಲೆ ಪ್ರತಿ ಬೇಸಿಗೆಯೂ ಅಕ್ಕಲಕೋಟದ ಹತ್ತಿರದ ನಮ್ಮೂರಿಗೆ ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಖಾಲಿ ಹೊಲದಲ್ಲಿ ಬಲೆ ಕಟ್ಟಿ ಕುರಿಗಳನ್ನು ಕೂಡಿಸುವುದು, ಮರುದಿನ ಬಲೆಯನ್ನು ಪಕ್ಕಕ್ಕೆ ಸರಿಸುವುದು. ಹಿಕ್ಕಿ, ಉಚ್ಚೆ ಬಿದ್ದು ಹೊಲಕ್ಕೆಲ್ಲ ಗೊಬ್ಬರವಾಗುತ್ತಿತ್ತು. ಬದಲಿಗೆ ನಾವು ಜೋಳ ಕೊಡುತ್ತಿದ್ದೆವು, ಇದ್ದಷ್ಟು ದಿನ ಊಟ ಹಾಕುತ್ತಿದ್ದೆವು. ಅಪ್ಪ ತೀರಿಕೊಂಡ ವರ್ಷ ನಾನೂ ಅಣ್ಣನೂ ಈ ಸಲ ಬಿತ್ತುವುದೇ ಬೇಡವೆಂದು ಕೈಕಟ್ಟಿ ಕೂತಿದ್ದೆವು. ಕಾಕಾ ಕರೆಯದೇ ಬಂದು ಬಲೆ ಕಟ್ಟಿದರು, ಜೋಳ ಮುಟ್ಟಲಿಲ್ಲ. "ಮಣ್ಣಿಗೆ ಸೂತಕ ಇರಂಗಿಲ್ಲ ಯವ್ವಾ. ಅದಕ್ಕ ಹಸಿವು ಇರತೈತಿ" ಅಂದರು. ಆ ವರ್ಷ ನಾವು ಬಿತ್ತಿದೆವು.

ಆಮೇಲೆ ಸರಕಾರಕ್ಕೆ ಸಾವಯವ ಕೃಷಿಯ ಮೇಲೆ ಪ್ರೀತಿ ಉಕ್ಕಿತು. ಊರ ಬಾಯಲ್ಲಿ 'ಸೇಂದ್ರಿಯ ಶೇತಿ' ಎಂಬ ಮರಾಠಿ ಹೆಸರು ಕೂತಿತು. ರೈತರ ಗುಂಪು ಕಟ್ಟಿದರು, ಅಣ್ಣ ಮುಖ್ಯಸ್ಥನಾದ. ಕೆಲವು ವರ್ಷ ರಾಸಾಯನಿಕ ಹಾಕದಿದ್ದರೆ ಸರ್ಟಿಫಿಕೇಟು, ಅದಿದ್ದರೆ ಸೊಲ್ಲಾಪುರದಲ್ಲಿ ಒಳ್ಳೆಯ ದರ. ಮೊದಲ ವರ್ಷ ಬಂದ ಸಾಹೇಬರು ಹೊಲದಲ್ಲಿ ಕುರಿ ಕಂಡು ಕುಣಿದಾಡಿದರು. ಇದೇ ನಿಜವಾದ ಸಾವಯವ ಎಂದು ಕಾಕಾನ ಕೈಗೊಂದು ಮರಿ ಕೊಟ್ಟು ಫೋಟೋ ಹೊಡೆದರು. ಆ ಫೋಟೋ ಅಕ್ಕಲಕೋಟದ ಕಚೇರಿಯ ಮುಂದೆ ಬ್ಯಾನರಾಯಿತು. ಕಾಕಾ ಎಸ್‌ಟಿ ಬಸ್ಸು ಹತ್ತಿ ಹೋಗಿ ನೋಡಿಬಂದರು. "ಇಷ್ಟ ದೊಡ್ಡ ಬೊಚ್ಚಬಾಯಿ ಇಡೀ ಜಿಲ್ಲಾದಾಗ ಇಲ್ಲ" ಎಂದು ಹೊಟ್ಟೆ ಹಿಡಿದು ನಕ್ಕರು.

ತಪಾಸಣೆ ಹತ್ತಿರ ಬಂದ ಬೇಸಿಗೆಯಲ್ಲಿ ಅದೇ ಸಾಹೇಬರು ಮಾತು ತಿರುಗಿಸಿದರು. ಕಾಕಾ ಹಿಂಡಿನೊಂದಿಗೆ ಬಂದು ಹೊಲದ ದಾರಿಯಲ್ಲಿ ನಿಂತಿದ್ದರು. ಕುರಿಗಳು ಹೊರಗಿನವು, ಎಲ್ಲೆಲ್ಲಿ ಔಷಧ ಹೊಡೆದದ್ದನ್ನು ಮೇದಿವೆಯೋ ಗೊತ್ತಿಲ್ಲ, ಹೊರಗಿನ ಗೊಬ್ಬರಕ್ಕೆ ಪಾವತಿ, ಅಂದರೆ ರಸೀದಿ, ಬೇಕು ಎಂದು ಸಾಹೇಬರು ಮರಾಠಿಯಲ್ಲಿ ತಿಳಿಸಿ ಹೇಳಿದರು.

"ಸಾಹೇಬ್ರ, ನಮ್ಮ ಕುರಿ ಹಿಕ್ಕಿ ಹಾಕ್ತಾವ. ಪಾವತಿ ಹರದು ಕೊಡಂಗಿಲ್ರಿ" ಅಂದರು ಕಾಕಾ.

ನನಗೆ ತಡೆಯಲಾಗಲಿಲ್ಲ. "ಹಂಗಾರ ಅವತ್ತ ಫೋಟೋ ಯಾಕ ತಗದ್ರಿ?" ಎಂದೆ. ನಿಯಮ ತಾವು ಮಾಡಿದ್ದಲ್ಲ ಎಂದು ಸಾಹೇಬರು ಜೀಪು ಹತ್ತಿದರು. ಅಣ್ಣ ನೆಲ ನೋಡುತ್ತ ನಿಂತಿದ್ದ. ಗುಂಪಿನವರು ಒಬ್ಬೊಬ್ಬರಾಗಿ ಮನೆ ಕಡೆ ನಡೆದರು. ಗುಂಪಿನ ಹೊರಗಿನವರ ಹೊಲದಲ್ಲೆಲ್ಲ ಕಬ್ಬು ನಿಂತಿತ್ತು, ಕುರಿ ಕೂಡಿಸಲು ಜಾಗವಿರಲಿಲ್ಲ; ಸುತ್ತಲಿನ ಊರುಗಳಲ್ಲೂ ಇಂಥವೇ ಗುಂಪುಗಳು, ಇವೇ ನಿಯಮಗಳು. ಕಾಕಾ ಸಿಳ್ಳೆ ಹೊಡೆದು ಹಿಂಡನ್ನು ಬಂದ ದಾರಿಗೇ ತಿರುಗಿಸಿದರು.

ಮುಂದಿನ ವಾರ ಲಾರಿಯಲ್ಲಿ ಗೊಬ್ಬರದ ಚೀಲಗಳು ಬಂದವು, ಪಾವತಿ ಸಮೇತ. ಅದು ಯಾವ ದನದ ಸಗಣಿ, ಆ ದನ ಏನು ಮೇದಿತ್ತು ಎಂದು ಯಾವ ಸಾಹೇಬನೂ ಕೇಳಲಿಲ್ಲ. ಕಾಗದ ಇದ್ದರೆ ವಿಷವೂ ಶುದ್ಧ, ಕಾಗದ ಇಲ್ಲದಿದ್ದರೆ ಕಾಕಾನ ಕುರಿಯೂ ಮೈಲಿಗೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಸರ್ಟಿಫಿಕೇಟು ಬಂತು. ಸೊಲ್ಲಾಪುರದ ಅಡತಿಯ ದಲಾಲಿ ನಮ್ಮ ಜೋಳವನ್ನು ಊರವರೆಲ್ಲರ ರಾಶಿಗೇ ಸುರಿದ, ದರವನ್ನೂ ಎಲ್ಲರಷ್ಟೇ ಕೊಟ್ಟ. ಅಣ್ಣ ಮನೆಗೆ ಬಂದವನೇ, "ಗುಂಪು ಸಾಕು. ಹೋಗಿ ಕಾಕಾನ ಕರಕೊಂಡ ಬಾ" ಅಂದ.

ನಾನು ಹುಲಜಂತಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಹಟ್ಟಿಯಲ್ಲಿ ಒಂದು ಕುರಿಯೂ ಇರಲಿಲ್ಲ.

"ಎಲ್ಲಾ ಮಾರೀನಿ ಯವ್ವಾ. ಬ್ಯಾಸಗ್ಯಾಗ ಯಾರೂ ಹೊಲ ಕೊಡಲಿಲ್ಲಂದ್ರ ಎಲ್ಲಿ ಕುಂದ್ರಸಲಿ? ಸೊಲ್ಲಾಪುರದ ಮಟನ್ ಅಂಗಡಿಯವರು ಟೆಂಪೋದಾಗ ತುಂಬಿಕೊಂಡ ಹೋದ್ರು."

ನನಗೆ ಅಳು ಬಂತು. ಕಾಕಾ ಗದರಿದರು: "ಬೈಯೂದಿದ್ರ ಅವರಿಗೆ ಹೋಗಿ ಬೈ. ಇಲ್ಲಿ ಕುಂತು ಅಳಬ್ಯಾಡ."

ಆ ಮಳೆಗಾಲ ಮುಗಿಯುವ ಮೊದಲೇ ಕಾಕಾ ಹೋದರು. ಜ್ವರವೆಂದರು ಮನೆಯವರು. ಇರಬಹುದು. ನಾವು ಉಣ್ಣುವ ರೊಟ್ಟಿಯಲ್ಲಿ ಇನ್ನೂ ಆ ಹಿಂಡಿನ ಪಾಲಿದೆ, ಅದನ್ನು ಯಾರಿಗೆ ತಿರುಗಿ ಕೊಡಬೇಕೋ ತಿಳಿಯದು.

ಕಳೆದ ತಿಂಗಳು ಕಚೇರಿಯಿಂದ ಇಬ್ಬರು ಬಂದರು. ಹೊಸ ಯೋಜನೆಯಂತೆ. ಹೊಲದಲ್ಲಿ ಕುರಿ ಕೂಡಿಸುವ ಹಳೆಯ ಪದ್ಧತಿಗೆ ಸರಕಾರ ಪ್ರೋತ್ಸಾಹ ಕೊಡುತ್ತದಂತೆ. ಇಲ್ಲಿಗೊಬ್ಬರು ಕುರಿಗಾರರು ಬರುತ್ತಿದ್ದರಲ್ಲ, ರೈತರಿಗೆ ತರಬೇತಿ ಕೊಡಲು ಅವರೇ ಬೇಕು ಅಂದರು. ಅಣ್ಣ ಎದ್ದು ಒಳಗೆ ಹೋದ.

"ಅವರು ಸತ್ತಾರ. ಅವರ ಕುರಿ ಸೊಲ್ಲಾಪುರದಾಗ ನೀವಽ ತಿಂದೀರಿ" ಎಂದೆ. ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸಿದ್ದು ನಾನು ಅದೇ ಮೊದಲು.