ನಿಲ್ಲಿಸುವಾಗ ಬಂದ್ ಆಗುತ್ತಿದ್ದ ವ್ಯಾನು

ನನ್ನ ಹಳೆಯ ವ್ಯಾನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಗೇರ್ ಹಾಕುವಾಗ ಒಮ್ಮೊಮ್ಮೆ ಕರಕರ ಅಂದರೂ ಓಡುವಾಗ ಏನೂ ತಕರಾರಿಲ್ಲ. ನಿಂತಲ್ಲೇ ಚಾಲೂ ಇಟ್ಟರೂ ಎಂಜಿನ್ ಗುರುಗುಟ್ಟಿಕೊಂಡು ಇರುತ್ತಿತ್ತು. ಆದರೆ ಓಡುತ್ತಿದ್ದದ್ದನ್ನು ನಿಲ್ಲಿಸಲು ಹೋದರೆ ಸಾಕು, ಒಮ್ಮೆ ಜಗ್ಗಿ ಬಂದ್ ಆಗಿಬಿಡುತ್ತಿತ್ತು. ಹಂಪ್ ಬಂದರೆ ಬಂದ್, ಎಮ್ಮೆ ಅಡ್ಡ ಬಂದರೆ ಬಂದ್, ಶಾಲೆಯ ಗೇಟಿನ ಮುಂದೆ ಬಂದ್. ಹಳೇ ಗಾಡಿ, ಇಂಥದ್ದೆಲ್ಲ ಇರುವುದೇ ಎಂದು ಮೊದಮೊದಲು ಸುಮ್ಮನಿದ್ದೆ.

ನಾನು ಗಣಿತದ ಮೇಷ್ಟ್ರಾಗಿದ್ದವನು. ವರ್ಗವಾದಂತೆಲ್ಲ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತಿ, ನಿವೃತ್ತಿಯಾದ ಮೇಲೆ ಕೊಟ್ಟೂರಿನಲ್ಲಿ ನೆಲೆಯಾದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಈಗಲೂ ಈ ಕಡೆಯ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಒಬ್ಬನಾದರೂ ಬಂದು, "ಸಾರ್, ನಿಮ್ ಕೈಲಿ ಏಟು ತಿಂದೀನ್ರಿ" ಎಂದು ಹೆಮ್ಮೆಯಿಂದ ಹೇಳುತ್ತಾನೆ. ನಾನೂ ಅಷ್ಟೇ ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತೇನೆ.

ಮಗಳಿಗೆ ಹಡಗಲಿಯಲ್ಲಿ ಬ್ಯಾಂಕಿನ ನೌಕರಿ. ಬೆಳಿಗ್ಗೆ ಬಸ್ಸು ಹತ್ತಿ ಹೋದವಳು ಬರುವುದು ಸಂಜೆಗೇ. ಒಂದನೇ ಇಯತ್ತೆಯ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ನನ್ನ ಕೆಲಸ. ಅವಳಿಗೆ ಹಿಂದೆ ಕೂರು ಎಂದರೆ ಅಳು. ನನ್ನ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಕೂಗಿ ಹೇಳುತ್ತ ಬರಬೇಕು.

ಆ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇದೆ. ಸ್ವಲ್ಪ ದೂರ ಓಡಿತೆಂದರೆ ಕಾಲ ಕೆಳಗಿನ ತಗಡು ಕಾಯುತ್ತದೆ. ನಾನು ಚಪ್ಪಲಿ ಕಳಚಿಟ್ಟೇ ಸ್ಟೇರಿಂಗ್ ಮುಂದೆ ಕೂರುವವನು. ಗಾಡಿ ತಂದ ದಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆವಲ್ಲ, ಅಂದಿನಿಂದ ಬಂದ ರೂಢಿ ಅದು. "ತಗಡು ಹಂಚು ಕಾದಂಗ ಕಾದೈತಿ. ಬರಿಗಾಲು ಹೆಂಗ ಇಡ್ತೀರಿ? ನಿಮ್ ಕಾಲೇನು ಕಬ್ಬಿಣದ್ವೇನ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮೀಸೆಯಲ್ಲೇ ನಗುತ್ತಿದ್ದೆ. ಶುಗರ್ ಬಂದು ಬಹಳ ವರ್ಷಗಳಾಗಿದ್ದವು. ಬೆಳಿಗ್ಗೆ ಗುಳಿಗೆ ನುಂಗಿದರೆ ಸಂಜೆ ಜಿಲೇಬಿ ತಿನ್ನಬಹುದು ಎಂಬುದು ನನ್ನ ಲೆಕ್ಕ.

ಕೊಟ್ಟೂರಿನ ಮಿಸ್ತ್ರಿ ಕಾರ್ಬೊರೇಟರ್ ಬಿಚ್ಚಿ ತೊಳೆದ. "ರೇಸ್ ಸ್ವಲ್ಪ ಏರಿಸೀನ್ರಿ, ಇನ್ನ ಬಂದಾಗಲ್ಲ" ಎಂದ. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಕೂಡ್ಲಿಗಿಯವನು ಪ್ಲಗ್ಗು, ಫಿಲ್ಟರು ಬದಲಿಸಿದ. ಹಗರಿಬೊಮ್ಮನಹಳ್ಳಿಯವನು ಕ್ಲಚ್ ಕೇಬಲ್ ಬಿಗಿ ಮಾಡಿಕೊಟ್ಟ. ಪ್ರತಿಯೊಬ್ಬನೂ ತಾನೇ ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದ. ಅವರ ಕೈಯಲ್ಲಿ ಅದು ಒಮ್ಮೆಯೂ ಬಂದ್ ಆಗುತ್ತಿರಲಿಲ್ಲ. "ನಮ್ ಕೈಯಾಗ ಚಲೋ ಓಡ್ತೈತ್ರಿ ಸಾರ್" ಎನ್ನುವಾಗ ಅವರು ನನ್ನ ಮುಖ ನೋಡದೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೈದು ಬರುತ್ತಿದ್ದೆ.

ಹರಪನಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಮಗ್ಗಿ ಬರದೆ ಎಷ್ಟೋ ಸಲ ಬೆಂಚಿನ ಮೇಲೆ ನಿಂತವನು; ಈಗ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಹೆಸರಾಗಿದ್ದಾನೆ. ಅವನ ಹತ್ತಿರವೂ ಒಮ್ಮೆ ಒಯ್ದೆ. ನನ್ನನ್ನು ಓಡಿಸಲು ಹೇಳಿ ಪಕ್ಕದಲ್ಲಿ ಕೂತ. ಆಮೇಲೆ ತಾನು ಓಡಿಸಿದ. ಏನೂ ಬಿಚ್ಚಲಿಲ್ಲ. ಕೀ ನನ್ನ ಕೈಗಿಟ್ಟು, "ಇನ್ನೊಮ್ಮೆ ಬರುವಾಗ ಅಮ್ಮಾರನ್ನೂ ಕರ್ಕೊಂಡು ಬರ್ರಿ ಸಾರ್" ಎಂದ. ಗಾಡಿ ರಿಪೇರಿಗೆ ಹೆಂಡತಿ ಯಾಕೆ? ಡಾಕ್ಟರರು ಹೀಗೆ ಕರೆಯುವುದನ್ನು ಕೇಳಿದ್ದೆ, ಮಿಸ್ತ್ರಿಗಳು ಕರೆಯುವುದನ್ನು ಕೇಳಿರಲಿಲ್ಲ. ದಾರಿಯುದ್ದಕ್ಕೂ ಆ ಮಾತು ಕೊರೆಯಿತು. ಮನೆಯಲ್ಲಿ ಹೇಳಲಿಲ್ಲ.

ಅದಾದ ಕೆಲವು ದಿನಗಳಿಗೆ ರೈಲ್ವೆ ಗೇಟಿನ ಸಂಗತಿ ನಡೆಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಹಳಿ ದಾಟಬೇಕು. ಗೇಟು ತೆರೆದಿತ್ತು. ಎದುರಿನಿಂದ ಕುರಿ ಹಿಂಡು ನುಗ್ಗಿ ಬಂತು. ನಿಧಾನ ಮಾಡಿದೆ; ವ್ಯಾನು ಜಗ್ಗಿತು, ಬಂದ್ ಆಯಿತು. ಮುಂದಿನ ಗಾಲಿಗಳು ಹಳಿಯ ಮೇಲಿದ್ದವು. ಕೀ ತಿರುವಿದೆ. ಅದು ಕಪ್ಪೆಯ ಹಾಗೆ ಮುಂದಕ್ಕೆ ಕುಪ್ಪಳಿಸಿ ಮತ್ತೆ ಸತ್ತಿತು. ಇನ್ನೊಮ್ಮೆ ತಿರುವಿದೆ, ಮತ್ತೆ ಹಾಗೇ. ಈಗ ನಾವು ಪೂರ್ತಿ ಹಳಿಗಳ ನಡುವೆ ಇದ್ದೆವು.

"ಸಾರ್, ರೈಲು ಬಿಟ್ಟೈತ್ರಿ! ನ್ಯೂಟ್ರಲ್ ಮಾಡ್ರಿ, ನ್ಯೂಟ್ರಲ್!" ಎಂದು ಗೇಟಿನವನು ಓಡಿ ಬಂದ. ಅವನೂ ಕುರಿಯವನೂ ಸೇರಿ ಆಚೆಗೆ ನೂಕಿದರು. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು ಎಂದು ಗೇಟಿನವನು ಆಮೇಲೆ ಸಮಾಧಾನ ಹೇಳಿದ. ಆದರೂ ನಾನು ಮತ್ತೆ ಕೀ ತಿರುವಲಿಲ್ಲ. ರೈಲು ಹೋಗುವವರೆಗೆ ಅಲ್ಲೇ ನಿಂತೆವು.

"ಅಜ್ಜಾ, ರೈಲಿಗೆ ಬ್ರೇಕ್ ಇರ್ತಾವೇನು?" ಎಂದಳು ಮೊಮ್ಮಗಳು.

"ಇರ್ತಾವ."

"ಮತ್ತ ಲಗೂನ ನಿಲ್ತೈತೇನು?"

"ಮನ್ಯಾಗ ಯಾರಿಗೂ ಹೇಳಬ್ಯಾಡ ಕೂಸೇ" ಎಂದೆ. ಆರು ವರ್ಷದ ಮಗುವಿನ ಬಾಯಿ ಮುಚ್ಚಿಸಿದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಮರುದಿನ ಅದೇ ವ್ಯಾನಿನಲ್ಲಿ, ಅದೇ ಗೇಟು ದಾಟಿ ಅವಳನ್ನು ಶಾಲೆಗೆ ಬಿಟ್ಟೆ. ಯಾಕೆಂದರೆ ಬಿಡುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು.

ಭಾನುವಾರ ಹಲವಾಗಲಿನಲ್ಲಿ ನೆಂಟರ ಮಗುವಿನ ಹೆಸರಿಡುವ ಕಾರ್ಯವಿತ್ತು. ಹೆಂಡತಿ, ಮೊಮ್ಮಗಳು, ನಾನು ಹೊರಟೆವು. ಹರಪನಹಳ್ಳಿ ದಾರಿಯಲ್ಲೇ ಸಿಗುತ್ತದೆ. ಅಷ್ಟರೊಳಗೆ ವ್ಯಾನು ಎರಡು ಕಡೆ ಬಂದ್ ಬಿತ್ತು. ಪ್ರತಿ ಸಲವೂ ನಾನು ಬರಿಗಾಲಲ್ಲೇ ಇಳಿದು, ಅವರನ್ನೂ ಇಳಿಸಿ, ಸೀಟು ಎತ್ತಿ ಎಂಜಿನ್ ನೋಡಿದೆ. ಎರಡೂ ಕಡೆ ರಸ್ತೆಯ ಬದಿಗೆ ಬಳ್ಳಾರಿ ಜಾಲಿಯ ಪೊದೆ.

ಗ್ಯಾರೇಜಿನಲ್ಲಿ ಆ ಹಳೆಯ ವಿದ್ಯಾರ್ಥಿ ನನ್ನ ಹೆಂಡತಿಗೂ ಮಗುವಿಗೂ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿ, ನನ್ನನ್ನು ಮತ್ತೆ ಓಡಿಸಲು ಹೇಳಿದ. ಊರ ಹೊರಗಿನ ಖಾಲಿ ರಸ್ತೆಗೆ ಹೋದೆವು. ಈ ಸಲ ಅವನು ರಸ್ತೆ ನೋಡುತ್ತಿರಲಿಲ್ಲ, ಬಗ್ಗಿ ನನ್ನ ಕಾಲು ನೋಡುತ್ತಿದ್ದ.

"ನಿಲ್ಲಿಸ್ರಿ ಸಾರ್." ನಿಲ್ಲಿಸಿದೆ, ಬಂದ್ ಆಯಿತು. "ಇನ್ನೊಮ್ಮಿ." ಮತ್ತೆ ಬಂದ್.

"ಕ್ಲಚ್ ಒತ್ತೀರೇನ್ರಿ ಸಾರ್?"

"ಒತ್ತದ ನಿಲ್ಲಿಸ್ತಾರೇನಲೇ? ನಿನಗ ಮಗ್ಗಿ ಬರ್ಲಿಲ್ಲ ಅಂತ ನನಗ ಗಾಡಿ ಬರಂಗಿಲ್ಲೇನು?"

"ಈಗ ನೋಡ್ರಿ, ಕಾಲು ಎಲ್ಲೈತಿ."

ನೋಡಿದೆ. ಎಡಗಾಲು ಕ್ಲಚ್ಚಿನ ಮೇಲಿರಲಿಲ್ಲ. ಪೆಡಲಿನ ಪಕ್ಕದ ತಗಡನ್ನು ಬಲವಾಗಿ ಒತ್ತಿಕೊಂಡಿತ್ತು. ಕ್ಲಚ್ ಒತ್ತದೆ ನಿಲ್ಲಿಸಿದರೆ ಯಾವ ಗಾಡಿಯಾದರೂ ಬಂದ್ ಆಗಲೇಬೇಕು. ನಾನಂತೂ ಒತ್ತಿದ್ದೆ. ಆಣೆ ಮಾಡಿ ಹೇಳುತ್ತಿದ್ದೆ ಒತ್ತಿದ್ದೇನೆಂದು.

ವಾಪಸು ಅವನೇ ಓಡಿಸಿಕೊಂಡು ಬಂದ. ಗ್ಯಾರೇಜಿನ ಹಿಂದೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನೆಲಕ್ಕೆ ಕೂತು ನನ್ನ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. ಆ ಮುಳ್ಳು ಚುಚ್ಚಿದರೆ ನೋವು ನೆತ್ತಿಗೇರುತ್ತದೆ ಎಂದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅವನು ಇಕ್ಕಳ ಹಾಕಿ ಎಳೆದ. ಬೆರಳಿನ ಅರ್ಧದಷ್ಟು ಮುಳ್ಳು ಹೊರಬಂತು. ಬೇರೆ ಯಾರದೋ ಕಾಲಿನಿಂದ ತೆಗೆದದ್ದನ್ನು ನೋಡಿದ ಹಾಗೆ ನೋಡುತ್ತ ಕೂತೆ.

"ಗಾಡ್ಯಾಗ ಏನೂ ಇಲ್ರಿ ಸಾರ್. ಹೋದ ಸಲಾನೇ ಗೊತ್ತಾಗಿತ್ರಿ. ಕೊಟ್ಟೂರು ಮಿಸ್ತ್ರಿನೂ ಫೋನ್ ಮಾಡಿದ್ದ. ಅವಂಗೂ ಅನುಮಾನ ಇತ್ತು."

"ಗೊತ್ತಿದ್ದೂ ಯಾಕ ಹೇಳ್ಲಿಲ್ಲ?"

"ಗುರುಗಳಿಗೆ ಹೆಂಗ ಹೇಳ್ಲಿ ಸಾರ್, ತಪ್ಪು ನಿಮ್ಮದೈತಿ ಅಂತ? ನಮಗ ಧೈರ್ಯ ಸಾಲ್ಲಿಲ್ಲ. ಅಮ್ಮಾರಿಗೆ ಹೇಳಿದ್ರಾತು ಅಂತ ಕರ್ಕೊಂಡು ಬರ್ರಿ ಅಂದಿದ್ದೆ." ಅವನ ಕಣ್ಣು ತುಂಬಿತ್ತು.

ಅಷ್ಟು ವರ್ಷ ಹೆದರಿಸಿ ಕಲಿಸಿದ್ದರ ಫಲ ಅದು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಒಬ್ಬನೂ ನನಗೆ ನಿಜ ಹೇಳಲಾರದ ಹಾಗೆ ಮಾಡಿಟ್ಟಿದ್ದೆ. ಆದರೂ ಹುಟ್ಟುಗುಣ ಬಿಡಬೇಕಲ್ಲ, ವಾದಕ್ಕೆ ಇಳಿದೆ.

"ಆತಪ್ಪ, ಶುಗರ್ ಐತಿ, ಎಡಗಾಲು ಜೋಮು ಹಿಡಿದೈತಿ. ಕ್ಲಚ್ ನೋಡಿಕೊಂಡು ಒತ್ತಿದ್ರಾತು. ಬ್ರೇಕ್ ಬಲಗಾಲಿಂದು. ಅದು ಗಟ್ಟಿ ಐತಿ. ಬೇಕಾದ್ರ ಪರೀಕ್ಷೆ ಮಾಡು. ನಾ ಕಣ್ಣು ಮುಚ್ಚಿರ್ತೀನಿ, ನೀ ಆ ನಟ್ಟು ಬಿಚ್ಚೋ ಪಾನಾ ತಗೊಂಡು ಬೆರಳಿಗೆ ಮುಟ್ಟಿಸು. ಯಾವ ಬೆರಳು ಅಂತ ಹೇಳ್ತೀನಿ."

ಬಲಗಾಲು ಚಾಚಿ ಕಣ್ಣು ಮುಚ್ಚಿದೆ. ಅಂಗಳದಲ್ಲಿ ಮೊಮ್ಮಗಳು ಯಾವುದೋ ಪದ್ಯ ಹೇಳುತ್ತಿದ್ದಳು. ಕಾದೆ. ಅವನು ಅಲುಗಾಡಿದ ಸದ್ದೂ ಇಲ್ಲ.

"ಯಾಕಲೇ, ಅಂಜಿಕಿ ಏನು? ಮುಟ್ಟಿಸು."

"ಮುಟ್ಟಿಸೀನ್ರಿ ಸಾರ್."

ಕಣ್ಣು ತೆರೆದೆ. ಪಾನಾ ನನ್ನ ಹೆಬ್ಬೆರಳನ್ನು ಅದುಮಿಕೊಂಡಿತ್ತು. ಅವನು ತನ್ನ ಬಲವನ್ನೆಲ್ಲ ಹಾಕಿ ಅದುಮಿದ್ದ. ಉಗುರು ಬೆಳ್ಳಗಾಗಿತ್ತು.

ಅಷ್ಟು ಹೆದರಿಕೆ ನನಗೆ ಹಳಿಯ ಮೇಲೂ ಆಗಿರಲಿಲ್ಲ. ಆ ಬೆಳಿಗ್ಗೆ ಕೊಟ್ಟೂರಿನಿಂದ ಅಲ್ಲಿಯವರೆಗೆ ಎಷ್ಟು ಸಲ ಬ್ರೇಕ್ ಒತ್ತಿದ್ದೆನೋ, ಅಷ್ಟು ಸಲವೂ ಆ ಕಾಲು ಪೆಡಲಿನ ಮೇಲೆ ಬಿದ್ದದ್ದು ಅದೃಷ್ಟದಿಂದ, ನನ್ನಿಂದಲ್ಲ.

"ಆತೇನ್ರಿ? ಹೊತ್ತಾತು, ಅಲ್ಲಿ ಕೂಸಿನ್ನ ತೊಟ್ಟಿಲಕ್ಕ ಹಾಕಿಬಿಡ್ತಾರ" ಎಂದು ಹೆಂಡತಿ ಕೂಗಿದಳು. ಹೊರಗೆ ಬಂದೆ. ಮೊಮ್ಮಗಳು ಆಗಲೇ ವ್ಯಾನು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಕೀಯನ್ನು ನನ್ನ ವಿದ್ಯಾರ್ಥಿಯ ಕೈಗೆ ಕೊಟ್ಟು, ಬಾಗಿಲು ತೆಗೆದು, ಅವಳನ್ನು ಇಳಿಸಲು ಕೈ ಚಾಚಿದೆ.

"ಮತ್ತ ಕೆಟ್ಟೈತೇನಜ್ಜಾ?"

"ಇಲ್ಲ ಕೂಸೇ. ಗಾಡಿ ಚಲೋ ಐತಿ. ಇಳಿ, ಬಸ್ಸಿಗೆ ಹೋಗೂಣು."