ಅವ್ವನ ಪೂಜೆ ತಟ್ಟೆಯ ನಾಣ್ಯ

ಗೆಳೆಯರೇ, ಇಂದು ಮಧ್ಯಾಹ್ನ ಕಿಕ್ಕೇರಿಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರಿಗೆ, ಅವರದೇ ಮುದ್ದೆ ಉಂಡ ಬಾಯಲ್ಲಿ ಸುಳ್ಳು ಹೇಳಿದೆನೆಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ.

ಅವರು ನನ್ನ ಸಹೋದ್ಯೋಗಿ ಪುಟ್ಟಸ್ವಾಮಿಯ ತಾಯಿ. ಅವರ ಪೂಜೆ ತಟ್ಟೆಯಲ್ಲಿದ್ದ ಉರ್ದುವಿನಂಥ ಅಕ್ಷರಗಳ ಹಳೇ ಬೆಳ್ಳಿ ನಾಣ್ಯವನ್ನು ಅವನು ಮೊನ್ನೆ ಕರ್ಚೀಫಿನಲ್ಲಿ ಕಟ್ಟಿ ಕಾಲೇಜಿಗೆ ತಂದಿದ್ದ. ‘ಪಾರ್ಸಿ ಓದೋದು ನನಗೆ ನೀರು ಕುಡಿದಷ್ಟು ಸಲೀಸು’ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ಒಂದಕ್ಷರವೂ ತಿಳಿಯದೆ, ಅಂಚಿನ ಹಳದಿ ತೋರಿಸಿ, ‘ಇದು ಟಂಕಸಾಲೆಯವರು ಕೊಟ್ಟ ಚಿನ್ನದ ನೀರು’ ಎಂದು ಅರ್ಧ ಗಂಟೆ ಪಾಠ ಮಾಡಿ, ಅಕ್ಷರ ಓದಿ ಹೇಳುತ್ತೇನೆಂದು ನಾಣ್ಯವನ್ನು ಇಸಿದುಕೊಂಡೆ.

ಇವತ್ತು ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ, ಎಸ್‌ಟಿಡಿ ಬೂತಿನ ಪಕ್ಕದ ವಾಚ್ ರಿಪೇರಿ ಸಾಬರಿಂದ ಗುಟ್ಟಾಗಿ ಓದಿಸಿದೆ. ‘ಉಲ್ಟಾ ಹಿಡ್ದಿದೀರ ಸಾರ್. ಕಲ್ಮಾ ಐತೆ, ಅಲ್ಲಾ ಹೆಸ್ರು’ ಎಂದರು.

ಗೊತ್ತಾದರೆ ಅವ್ವ ಅದನ್ನು ಪೂಜೆಯಿಂದ ತೆಗೆದುಬಿಡುತ್ತಾರೆಂದು ಹೆದರಿದೆ. ಊಟವಾದ ಮೇಲೆ ನಾಣ್ಯ ಹಿಂದಿರುಗಿಸಿ, ‘ಏನಿಲ್ಲ ಅವ್ವ, ಯಾವನೋ ರಾಜನ ಬಿರುದು’ ಎಂದೆ. ನಾಣ್ಯ ಅಸಲಿ, ಮಾತು ಖೋಟಾ.

‘ಇಲ್ಲ ಕಣಪ್ಪ, ಅವ್ರ ದ್ಯಾವ್ರ ಎಸ್ರೈತೆ. ನಮ್ಮೆಜಮಾನ್ರಿಗೆ ಕೊಟ್ಟ ಸಾಬ್ರೇ ಯೋಳಿದ್ರು’ ಎಂದರು ಅವ್ವ. ‘ಅದ್ಕೇ ನಾನು ಅಕ್ಸರಕ್ಕೆ ಏನೂ ಸೋಕ್ಸಲ್ಲ. ಅಂಚ್ಗೆ ಮಾತ್ರ.’

ಹಾಗೆಂದು ಪೂಜೆ ತಟ್ಟೆಯಲ್ಲಿದ್ದ ಬಟ್ಟಲಿಗೆ ಬೆರಳದ್ದಿ, ನಾಣ್ಯದ ಸುತ್ತ ಮೆಲ್ಲಗೆ ಸವರಿದರು. ಪುಟ್ಟಸ್ವಾಮಿ ನನ್ನನ್ನೇ ನೋಡುತ್ತಿದ್ದ. ನಾನು ನನ್ನ ಕಾಲುಬೆರಳು ಎಣಿಸುತ್ತಿದ್ದೆ.

ಸ್ಟಾಫ್ ರೂಮಿನವರೇ, ಬರೆದುಕೊಂಡಿದ್ದರೆ ಹೊಡೆದುಹಾಕಿ. ಆ ಚಿನ್ನದ ನೀರು, ಅರಿಶಿನ.